ಎಲ್ಲರೂ ಮಾತನಾಡುವ ರೆಟ್ರೋ: ತಂಡದ ಹಿನ್ನೋಟ ಸಭೆ ನಡೆಸುವ ಬಗೆ

‘ಬಿಲ್ಡ್ ತುಂಬಾ ನಿಧಾನ.’ ನಮ್ಮ ತಂಡದ ರೆಟ್ರೋ ಬೋರ್ಡಿನ ಮೇಲೆ ಈ ಹಳದಿ ಚೀಟಿ ಸತತ ಆರು ಸ್ಪ್ರಿಂಟ್‌ಗಳಲ್ಲಿ, ಅಂದರೆ ಎರಡೆರಡು ವಾರದ ಕೆಲಸದ ಸುತ್ತುಗಳಲ್ಲಿ, ಕಾಣಿಸಿಕೊಂಡಿತ್ತು. ಏಳನೆಯ ಸಲ ಯಾರೂ ಅದನ್ನು ಬರೆಯಲಿಲ್ಲ. ಸಮಸ್ಯೆ ಬಗೆಹರಿದಿರಬೇಕು ಎಂದು ನಾನು ಸಮಾಧಾನಪಟ್ಟುಕೊಂಡೆ. ಬಿಲ್ಡ್, ಅಂದರೆ ಬರೆದ ಕೋಡನ್ನು ಓಡಿಸಬಲ್ಲ ತಂತ್ರಾಂಶವಾಗಿ ಕಟ್ಟುವ ಕೆಲಸ, ಮೊದಲಿನಷ್ಟೇ ನಿಧಾನವಾಗಿತ್ತು. ಬರೆದು ಬರೆದು ತಂಡದವರಿಗೆ ಸಾಕಾಗಿತ್ತು.

ನಮ್ಮ ಕಚೇರಿ ಇರುವುದು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ. ಒಂಬತ್ತು ಜನರ ತಂಡ. ಹಳ್ಳಿಯ ಡೇರಿಗಳಲ್ಲಿ ಹಾಲಿನ ಅಳತೆ, ಜಿಡ್ಡಿನ ಅಂಶ ದಾಖಲಿಸಿ ರೈತರ ಕೈಗೆ ಚೀಟಿ ಕೊಡುವ ತಂತ್ರಾಂಶವನ್ನು ರೂಪಿಸುತ್ತೇವೆ. ತಂಡದ ಅರ್ಧದಷ್ಟು ಜನ ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣದ ಕಡೆಯಿಂದ ದಿನವೂ ರೈಲಿನಲ್ಲಿ ಬಂದು ಹೋಗುವವರು. ಎರಡು ವಾರಕ್ಕೊಂದು ಸ್ಪ್ರಿಂಟ್, ಅದರ ಕೊನೆಗೊಂದು ರೆಟ್ರೋ. ಆ ಸಭೆ ಜೀವ ಕಳೆದುಕೊಂಡದ್ದನ್ನೂ ಮತ್ತೆ ಚಿಗುರಿದ್ದನ್ನೂ ಹತ್ತಿರದಿಂದ ಕಂಡಿದ್ದೇನೆ. ಈಗ ನಾವು ಅನುಸರಿಸುತ್ತಿರುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬಲ್ಲಿ 17 ಜನ ಸೇರಿ, ತಂತ್ರಾಂಶವನ್ನು ಚಿಕ್ಕ ಚಿಕ್ಕ ಹಂತಗಳಲ್ಲಿ ರೂಪಿಸುವ ‘ಅಜೈಲ್’ ಪದ್ಧತಿಯ ಪ್ರಣಾಳಿಕೆಯನ್ನು ಬರೆದರು. ಅದರ ಜೊತೆಗಿರುವ 12 ತತ್ವಗಳಲ್ಲಿ ಕೊನೆಯದು ಈ ಸಭೆಯ ಬೇರು: ತಂಡವು ಆಗಾಗ ನಿಂತು, ಇನ್ನಷ್ಟು ಚೆನ್ನಾಗಿ ಕೆಲಸ ಮಾಡುವುದು ಹೇಗೆ ಎಂದು ಯೋಚಿಸಿ, ತನ್ನ ನಡೆಯನ್ನು ತಿದ್ದಿಕೊಳ್ಳಬೇಕು. ಇಲ್ಲಿ ಯೋಚಿಸುವುದು, ತಿದ್ದಿಕೊಳ್ಳುವುದು ಎಂಬ ಎರಡು ಕೆಲಸಗಳಿವೆ. ಬಹುಪಾಲು ತಂಡಗಳು ಮೊದಲನೆಯದನ್ನು ಮಾಡಿ ಎದ್ದುಬಿಡುತ್ತವೆ. ರೆಟ್ರೋ ಸಪ್ಪೆಯಾಗಿದೆ ಎನಿಸಿದಾಗ ಹೊಸ ಆಟ, ಹೊಸ ಚಿತ್ರ, ಹೊಸ ಆ್ಯಪ್ ಹುಡುಕುತ್ತಾರೆ. ಅದರಿಂದ ಒಂದೆರಡು ಸ್ಪ್ರಿಂಟ್ ಲವಲವಿಕೆ ಬರುವುದು ನಿಜ. ಆದರೆ ಜನ ಸುಮ್ಮನಾಗುವುದು ಆಡಿದ ಮಾತಿಗೆ ಬೆಲೆ ಸಿಗದಿದ್ದಾಗ. ಆದ್ದರಿಂದ ದುರಸ್ತಿಯನ್ನು ಅಲ್ಲಿಂದಲೇ ಆರಂಭಿಸಬೇಕು.

ದಿನ, ಹೊತ್ತು, ಜಾಗ

ಶುಕ್ರವಾರ ಸಂಜೆ ಬೇಡ. ನಾವು ವರ್ಷಗಟ್ಟಲೆ ಶುಕ್ರವಾರ ಐದು ಗಂಟೆಗೇ ಸೇರುತ್ತಿದ್ದೆವು. ಮಂಡ್ಯಕ್ಕೆ ಹೊರಡುವವರ ಕಣ್ಣು ಗಡಿಯಾರದ ಮೇಲಿರುತ್ತಿತ್ತು. ಯಾರಾದರೂ ಗಂಭೀರವಾದ ವಿಷಯ ಎತ್ತಿದರೆ ‘ರೈಲು ತಪ್ಪುತ್ತದೆ’ ಎಂಬ ಆತಂಕ ಉಳಿದವರ ಮುಖದಲ್ಲಿ ಕಾಣುತ್ತಿತ್ತು. ಮಾತು ಎತ್ತಿದವರಿಗೇ ತಪ್ಪು ಮಾಡಿದ ಭಾವ. ಈಗ ಗುರುವಾರ ಬೆಳಗ್ಗೆ ಹನ್ನೊಂದಕ್ಕೆ, ಕಾಫಿ ಬರುವ ಹೊತ್ತಿಗೆ ಕೂರುತ್ತೇವೆ. ಊಟದ ಹೊತ್ತು ತಾನಾಗಿಯೇ ಸಭೆಗೆ ಗಡುವು ಹಾಕುತ್ತದೆ.

ಒಂದು ತಿಂಗಳ ಸ್ಪ್ರಿಂಟ್‌ಗೆ ಹೆಚ್ಚೆಂದರೆ ಮೂರು ಗಂಟೆ ಎಂದು ಅಜೈಲ್ ತಂಡಗಳು ಬಳಸುವ ಸ್ಕ್ರಮ್ ಪದ್ಧತಿಯ ಮಾರ್ಗದರ್ಶಿ ಹೇಳುತ್ತದೆ. ಎರಡು ವಾರದ್ದಕ್ಕೆ ನಾವು 75 ನಿಮಿಷ ಇಟ್ಟುಕೊಂಡಿದ್ದೇವೆ: ಹಳೆಯ ತೀರ್ಮಾನಕ್ಕೆ ಹತ್ತು, ಬರೆಯುವುದಕ್ಕೆ ಹತ್ತು, ಓದಿ ಗುಂಪು ಮಾಡುವುದಕ್ಕೆ ಹದಿನೈದು, ಒಂದೇ ವಿಷಯವನ್ನು ಕೆದಕುವುದಕ್ಕೆ ಇಪ್ಪತ್ತೈದು, ತೀರ್ಮಾನಕ್ಕೆ ಹತ್ತು, ಮುಗಿಸುವುದಕ್ಕೆ ಐದು. ನಲವತ್ತೈದು ನಿಮಿಷದಲ್ಲಿ ಮುಗಿಸಲು ಹೋದರೆ ಕತ್ತರಿ ಬೀಳುವುದು ಕೆದಕುವ ಭಾಗಕ್ಕೇ. ಅದನ್ನು ಮಾತ್ರ ಬಿಟ್ಟುಕೊಡಬೇಡಿ.

ಮೇಜಿನ ಸುತ್ತ ಲ್ಯಾಪ್‌ಟಾಪ್ ತೆರೆದು ಕೂರುವುದಕ್ಕಿಂತ ಗೋಡೆಗೆ ಎದುರಾಗಿ ಅರ್ಧವೃತ್ತದಲ್ಲಿ ಕುರ್ಚಿ ಹಾಕಿ. ಎಲ್ಲರ ನೋಟವೂ ಒಬ್ಬರ ಮುಖದ ಬದಲು ಗೋಡೆಯ ಮೇಲಿನ ಚೀಟಿಗಳ ಕಡೆಗಿದ್ದರೆ ಕಷ್ಟದ ಮಾತು ಹೇಳುವುದು ಹಗುರಾಗುತ್ತದೆ.

ಕೋಣೆಯೊಳಗೆ ಯಾರಿರಬೇಕು

ಕೆಲಸ ಮಾಡಿದವರೆಲ್ಲ ಇರಬೇಕು, ಯಾವ ಕೆಲಸ ಮೊದಲು ಎಂದು ನಿರ್ಧರಿಸುವ ಪ್ರಾಡಕ್ಟ್ ಓನರ್ ಕೂಡ. ವರ್ಷದ ಕೊನೆಗೆ ಇವರ ಸಂಬಳದ ಹೆಚ್ಚಳವನ್ನು ಬರೆಯುವ ವ್ಯವಸ್ಥಾಪಕರು ಇರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅವರು ಎಷ್ಟೇ ಒಳ್ಳೆಯವರಾಗಿರಲಿ, ಅವರ ಎದುರು ‘ಈ ಬಗ್ ಒಳಗೆ ಬಿಟ್ಟದ್ದು ನಾನು’ ಎಂದು ಹೇಳುವ ಧೈರ್ಯ ಎರಡು ವರ್ಷದ ಅನುಭವದ ಹುಡುಗನಿಗೆ ಬರುವುದಿಲ್ಲ. ಸಭೆಯಲ್ಲಿ ಒಪ್ಪಿದ ತೀರ್ಮಾನಗಳನ್ನು ಮಾತ್ರ ಅವರಿಗೆ ಕಳಿಸಿ. ಯಾರು ಏನು ಹೇಳಿದರು ಎಂಬುದು ಕೋಣೆಯಲ್ಲೇ ಉಳಿಯಲಿ.

ಎಮಿ ಎಡ್ಮಂಡ್ಸನ್ ಎಂಬ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಯ ವಾರ್ಡುಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಚೆನ್ನಾಗಿ ಹೊಂದಿಕೊಂಡ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಎಂದು ಅವರು ನಿರೀಕ್ಷಿಸಿದ್ದರು. ಲೆಕ್ಕ ತಿರುಗಾಮುರುಗಾ ಬಂತು: ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಅಲ್ಲಿ ಜನ ಹೆದರದೆ ಹೇಳುತ್ತಿದ್ದರು, ಬೇರೆ ಕಡೆ ಮುಚ್ಚಿಡುತ್ತಿದ್ದರು ಎಂಬ ವಿವರಣೆಗೆ ಅವರು ಬಂದರು. ನಿಮ್ಮ ರೆಟ್ರೋದಲ್ಲಿ ದೂರುಗಳು ಹೆಚ್ಚಾದರೆ ಗಾಬರಿಯಾಗಬೇಡಿ. ಏನೂ ಬಾರದಿದ್ದರೆ ಯೋಚಿಸಿ.

ಹಳೆಯ ತೀರ್ಮಾನದಿಂದ ಆರಂಭಿಸಿ

ಸಭೆಯ ಮೊದಲ ಕೆಲಸ ಇದೇ ಆಗಿರಲಿ. ಹಿಂದಿನ ಸಲ ಒಪ್ಪಿದ್ದನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ. ಹೊಣೆ ಹೊತ್ತವರು ಎರಡು ಮಾತಿನಲ್ಲಿ ಹೇಳಲಿ: ಆಯಿತೇ, ಇಲ್ಲವೇ? ಆಗಿದ್ದರೆ ಏನು ಬದಲಾಯಿತು? ಆಗದಿದ್ದರೆ ಅಡ್ಡ ಬಂದದ್ದು ಯಾವುದು?

ಆಗಿಲ್ಲ ಎಂದಾಗ ಹಿಂಜರಿಯದೆ ‘ಆಗಿಲ್ಲ’ ಎಂದೇ ಬರೆಯಿರಿ. ‘ಪ್ರಗತಿಯಲ್ಲಿದೆ’ ಎಂಬ ಪದವನ್ನು ನಮ್ಮ ಗೋಡೆಯಿಂದ ಓಡಿಸಿದ ಮೇಲೆ ಸಭೆಯ ಬಣ್ಣವೇ ಬದಲಾಯಿತು. ಎರಡು ಸಲ ‘ಆಗಿಲ್ಲ’ ಎಂದು ಬಿದ್ದ ತೀರ್ಮಾನವನ್ನು ಮೂರನೆಯ ಸಲ ಮುಂದಕ್ಕೆ ತಳ್ಳಬೇಡಿ. ಅದನ್ನು ಚಿಕ್ಕದು ಮಾಡಿ, ಇಲ್ಲವೇ ಬಹಿರಂಗವಾಗಿ ಕೈಬಿಡಿ.

ಇದಾದ ಮೇಲೆ ಒಂದು ನಂಬಿಕೆಯನ್ನು ಎಲ್ಲರ ನೆನಪಿಗೆ ತರುವುದು ಒಳ್ಳೆಯದು. ನಾರ್ಮನ್ ಕರ್ತ್ 2001ರಲ್ಲಿ ರೆಟ್ರೋಗಳಿಗಾಗಿ ಮುಂದಿಟ್ಟ ಮೂಲಸೂತ್ರದ ಸಾರ ಹೀಗಿದೆ: ಏನೇ ಹೊರಬಂದರೂ, ಆ ಹೊತ್ತಿಗೆ ತಿಳಿದಿದ್ದಷ್ಟರಲ್ಲಿ, ಕೈಯಲ್ಲಿದ್ದಷ್ಟರಲ್ಲಿ ಪ್ರತಿಯೊಬ್ಬರೂ ತಮ್ಮಿಂದಾದಷ್ಟು ಚೆನ್ನಾಗಿಯೇ ಕೆಲಸ ಮಾಡಿದ್ದಾರೆ ಎಂದು ನಂಬಿ ಕೂರಬೇಕು. ಪ್ರತಿ ಸಲ ಪ್ರಾರ್ಥನೆಯಂತೆ ಓದಬೇಕಿಲ್ಲ. ಬಿಸಿಯೇರಿದ ಸ್ಪ್ರಿಂಟ್ ಆಗಿದ್ದರೆ ಓದಿ.

ಮೊದಲು ಬರವಣಿಗೆ, ಆಮೇಲೆ ಮಾತು

ನಮ್ಮ ಕಡೆಯ ತಂಡಗಳಲ್ಲಿ ರೆಟ್ರೋ ಸೊರಗುವುದಕ್ಕೆ ಒಂದು ಕಾರಣವಿದೆ. ಅದನ್ನು ಹೊರಗಿನ ಕೈಪಿಡಿಗಳು ಹೇಳುವುದಿಲ್ಲ. ದೊಡ್ಡವರು ಮಾತನಾಡಿದ ಮೇಲೆ ಚಿಕ್ಕವರು ಎದುರಾಡಬಾರದು ಎಂದು ಮನೆಯಲ್ಲಿ ಕಲಿತು ಬಂದಿರುತ್ತೇವೆ. ಹಿರಿಯ ಡೆವಲಪರ್ ‘ಈ ಸ್ಪ್ರಿಂಟ್ ಚೆನ್ನಾಗಿಯೇ ಹೋಯಿತು’ ಎಂದು ಬಾಯಿ ತೆರೆದರೆ ಸಾಕು, ಉಳಿದ ಎಂಟು ಜನರಿಗೆ ಉಳಿಯುವುದು ‘ಹೌದು ಸರ್’ ಮಾತ್ರ. ಅದರ ಮೇಲೆ ಸಭೆ ಇಂಗ್ಲಿಷಿನಲ್ಲಿ. ಗ್ರಾಹಕರ ಕರೆಗಳು ಇಂಗ್ಲಿಷಿನಲ್ಲಿರುತ್ತವೆ ಎಂಬ ಕಾರಣಕ್ಕೆ ನಾವು ನಮ್ಮೊಳಗಿನ ಸಭೆಯನ್ನೂ ಇಂಗ್ಲಿಷಿನಲ್ಲೇ ನಡೆಸುತ್ತಿದ್ದೆವು. ಕೋಡ್ ಬಗ್ಗೆ ಇಂಗ್ಲಿಷಿನಲ್ಲಿ ಸಲೀಸಾಗಿ ಮಾತನಾಡುವ ಹುಡುಗರು ‘ನನಗೆ ಬೇಸರವಾಯಿತು’ ಎನ್ನುವುದಕ್ಕೆ ತಡವರಿಸುತ್ತಿದ್ದರು. ತಡವರಿಸುವುದಕ್ಕಿಂತ ಸುಮ್ಮನಿರುವುದು ಮೇಲು ಎಂದು ಯಾರಿಗಾದರೂ ಅನಿಸುತ್ತದೆ.

ಹೀಗಾಗಿ ಎರಡು ನಿಯಮ ಮಾಡಿಕೊಂಡೆವು. ಬರೆಯುವ ಹತ್ತು ನಿಮಿಷ ಯಾರೂ ಮಾತನಾಡುವಂತಿಲ್ಲ. ಎಲ್ಲರೂ ಬರೆಯಬೇಕು, ಒಂದು ಚೀಟಿಗೆ ಒಂದೇ ವಿಷಯ. ಯಾವ ಭಾಷೆಯಲ್ಲಾದರೂ ಬರೆಯಬಹುದು. ಆಮೇಲೆ ಚೀಟಿಗಳನ್ನೆಲ್ಲ ಒಂದು ಡಬ್ಬಿಗೆ ಹಾಕಿ ಕಲಸಿ, ಒಬ್ಬೊಬ್ಬರೂ ಕೈಗೆ ಬಂದದ್ದನ್ನು ಗಟ್ಟಿಯಾಗಿ ಓದಿ ಗೋಡೆಗೆ ಅಂಟಿಸಬೇಕು. ಬರೆದವರು ಯಾರು ಎಂದು ಕೇಳಬಾರದು.

ಹೀಗೆ ಮಾಡಿದ ಮೊದಲ ಸಲ ನಮ್ಮ ಹಿರಿಯ ಡೆವಲಪರ್ ಕೈಗೆ ಬಂದ ಚೀಟಿಯಲ್ಲಿ ಕನ್ನಡದಲ್ಲಿ, ದುಂಡಗಿನ ಅಕ್ಷರದಲ್ಲಿ ಹೀಗಿತ್ತು: ‘ಸಂಜೆ ಹಾಲು ಅಳೆಯುವ ಹೊತ್ತಿಗೇ ನಾವು ಹೊಸ ಆವೃತ್ತಿ ಹಾಕುತ್ತೇವೆ. ಆಗ ನಮ್ಮವ್ವ ಸಾಲಿನಲ್ಲಿ ನಿಂತಿರುತ್ತಾಳೆ.’

ಅವರು ಓದಿ ಒಂದು ಕ್ಷಣ ಸುಮ್ಮನಾದರು. ಬರೆದವರು ಯಾರೆಂದು ನಾವು ಕೇಳಲಿಲ್ಲ. ಟೆಸ್ಟಿಂಗ್ ನೋಡಿಕೊಳ್ಳುವ, ಪಾಂಡವಪುರದ ಕಡೆಯ ಹುಡುಗಿ ತಾನಾಗಿಯೇ ಹೇಳಿದಳು: ‘ಮೇಡಂ, ಕಳೆದ ವಾರ ಅವ್ವ ಫೋನ್ ಮಾಡಿ, ನಿಮ್ಮ ಮೆಷಿನ್ ಇವತ್ತೂ ನಿಂತಿದೆ ಕಣವ್ವ, ಕ್ಯಾನ್ ಇಟ್ಟುಕೊಂಡು ನಿಂತಿದ್ದೇವೆ ಎಂದಳು. ಆಗ ನಾನು ಇಲ್ಲಿ ಕುಳಿತು ಬಿಡುಗಡೆ ಯಶಸ್ವಿ ಎಂದು ಸಂದೇಶ ಹಾಕುತ್ತಿದ್ದೆ.’ ಅವಳು ನಮ್ಮ ತಂಡಕ್ಕೆ ಸೇರಿ ಒಂಬತ್ತು ತಿಂಗಳಾಗಿತ್ತು. ಅಷ್ಟೂ ರೆಟ್ರೋಗಳಲ್ಲಿ ಅವಳು ಆಡಿದ್ದ ಮಾತೆಲ್ಲ ಸೇರಿದರೂ ಇಷ್ಟು ಉದ್ದವಿರಲಿಲ್ಲ.

ಗೋಡೆಗೆ ಅಂಟಿಸಿದ ಮೇಲೆ ಒಂದೇ ಬಗೆಯ ಚೀಟಿಗಳನ್ನು ಒಟ್ಟಿಗೆ ಸೇರಿಸಿ. ಬಳಿಕ ಮತ. ತಲೆಗೆ ಮೂರು ಚುಕ್ಕೆ, ಪೆನ್ನಿನಲ್ಲಿ ಇಟ್ಟರೆ ಸಾಕು. ಹಿರಿಯರು ಕೊನೆಗೆ ಇಡಬೇಕು. ಮೊದಲು ಅವರು ಎದ್ದರೆ ಉಳಿದ ಚುಕ್ಕೆಗಳು ಅವರ ಹಿಂದೆಯೇ ಸಾಲುಗಟ್ಟುತ್ತವೆ.

‘ಯಾಕೆ’ ಎಂಬ ಪ್ರಶ್ನೆಯನ್ನು ಎಚ್ಚರದಿಂದ ಬಳಸಿ

ಹೆಚ್ಚು ಚುಕ್ಕೆ ಬಿದ್ದ ಒಂದೇ ವಿಷಯವನ್ನು ಹಿಡಿದುಕೊಳ್ಳಿ. ಮೂರು ವಿಷಯಗಳನ್ನು ಮೇಲೆ ಮೇಲೆ ಸವರುವುದಕ್ಕಿಂತ ಒಂದರ ಬುಡ ಕಾಣುವುದು ಮೇಲು. ಬುಡ ಕಾಣಲು ಎಲ್ಲರೂ ಹೇಳುವ ವಿಧಾನ ಐದು ‘ಯಾಕೆ’ಗಳದು. ಟೊಯೋಟಾ ಕಾರ್ಖಾನೆಯಲ್ಲಿ ಬೆಳೆದದ್ದು. ಅಲ್ಲಿನ ಎಂಜಿನಿಯರ್ ತೈಚಿ ಓನೋ ಅದನ್ನು ವಿವರಿಸಿ ಹೊರಜಗತ್ತಿಗೆ ಪರಿಚಯಿಸಿದರು. ಯಂತ್ರ ನಿಂತದ್ದು ಯಾಕೆ, ಫ್ಯೂಸ್ ಹೋದದ್ದು ಯಾಕೆ ಎಂದು ಒಂದರ ಹಿಂದೆ ಒಂದು ಕೇಳುತ್ತಾ ಹೋಗುವುದು.

ಯಂತ್ರಕ್ಕೆ ಕೇಳುವುದು ಸರಿ. ಮನುಷ್ಯರಿಗೆ ಕನ್ನಡದಲ್ಲಿ ‘ಯಾಕೆ ಹೀಗೆ ಮಾಡಿದೆ?’ ಎಂದರೆ ಅದು ಪ್ರಶ್ನೆಯಾಗಿ ಕೇಳಿಸುವುದಿಲ್ಲ, ಗದರಿಕೆಯಾಗಿ ಕೇಳಿಸುತ್ತದೆ. ಶಾಲೆಯಲ್ಲಿ ಮೇಷ್ಟ್ರು ಕೇಳುತ್ತಿದ್ದ ಧಾಟಿ ಅದು. ಅಂದು ನಾನೇ ಆ ತಪ್ಪು ಮಾಡಿದೆ. ಬಿಡುಗಡೆ ಮಾಡುವ ಹುಡುಗನನ್ನು ‘ಸಂಜೆ ಯಾಕೆ ಹಾಕಿದೆ?’ ಎಂದು ಕೇಳಿದಾಗ ಅವನು ತಲೆ ತಗ್ಗಿಸಿ ‘ಸಾರಿ ಮೇಡಂ, ಇನ್ನು ಮುಂದೆ ನೋಡಿಕೊಳ್ಳುತ್ತೇನೆ’ ಎಂದ. ಮಾತು ಅಲ್ಲಿಗೇ ಮುಗಿಯುತ್ತಿತ್ತು. ಕ್ಷಮೆ ಕೇಳಿಸಿಕೊಂಡು ಎದ್ದಿದ್ದರೆ ಮುಂದಿನ ತಿಂಗಳು ಮತ್ತೆ ಅದೇ ಸಾಲು, ಅದೇ ಕ್ಯಾನ್.

ಪ್ರಶ್ನೆ ತಿರುಗಿಸಿದೆ: ‘ಬಿಡುಗಡೆ ಸಂಜೆಯವರೆಗೆ ಹೇಗೆ ಬಂದು ನಿಂತಿತು? ಬೆಳಗ್ಗೆಯಿಂದ ಏನೇನಾಯಿತು ಹೇಳುತ್ತಾ ಹೋಗೋಣ.’ ಆಗ ಎಲ್ಲರೂ ಸೇರಿಕೊಂಡರು. ಟೆಸ್ಟಿಂಗ್ ಮುಗಿಯುವುದೇ ನಾಲ್ಕು ಗಂಟೆಗೆ. ಅದು ಹೇಗೆ? ಪರೀಕ್ಷೆಗೆ ಬೇಕಾದ ಬಿಲ್ಡ್ ಕೈಗೆ ಸಿಗುವುದು ಮಧ್ಯಾಹ್ನದ ಮೇಲೆ. ಅದು ಹೇಗೆ? ಒಂದು ಬಿಲ್ಡ್‌ಗೆ ಐವತ್ತು ನಿಮಿಷ, ನಡುವೆ ಒಂದೆರಡು ಸಲ ಮುರಿದುಬಿದ್ದರೆ ಅರ್ಧ ದಿನ ಹೋಯಿತು. ಗೋಡೆಯ ಮೇಲೆ ಈ ಸರಪಳಿ ಬರೆದು ಮುಗಿಸಿದಾಗ ಕೊನೆಯ ಕೊಂಡಿಯಲ್ಲಿ ನಿಂತದ್ದು ನಾವು ಆರು ಸಲ ಓದಿ ಬದಿಗಿಟ್ಟಿದ್ದ ಮಾತು: ಬಿಲ್ಡ್ ತುಂಬಾ ನಿಧಾನ.

ಅದು ಡೆವಲಪರ್‌ಗಳ ಗೊಣಗಾಟ ಎಂದು ನಾನು ತಿಳಿದಿದ್ದೆ. ಅದರ ಇನ್ನೊಂದು ತುದಿ ಡೇರಿಯ ಸಾಲಿನಲ್ಲಿತ್ತು. ಚೀಟಿಯೊಂದು ಎರಡನೆಯ ಸಲ ಬಂದರೆ ಈಗ ನಾವು ಮತ ಹಾಕುವುದಿಲ್ಲ. ಅದು ತಾನಾಗಿಯೇ ಚರ್ಚೆಗೆ ಅರ್ಹವಾಗುತ್ತದೆ.

‘ಯಾಕೆ’ಯ ಜಾಗದಲ್ಲಿ ‘ಹೇಗೆ’, ‘ಏನಾಯಿತು’, ‘ಅದಕ್ಕೆ ಮೊದಲು ಏನಿತ್ತು’ ಎಂದು ಕೇಳಿ ನೋಡಿ. ಉತ್ತರ ಒಬ್ಬರ ಹೆಸರಿಗೆ ಬಂದು ನಿಂತರೆ ಇನ್ನೂ ಬುಡ ಸಿಕ್ಕಿಲ್ಲ ಎಂದೇ ಅರ್ಥ, ಮುಂದಕ್ಕೆ ಕೇಳಿ.

ಒಂದು ತೀರ್ಮಾನ, ಒಂದು ಹೆಸರು, ಒಂದು ದಿನಾಂಕ

ಅಂದು ನಾವು ತೆಗೆದುಕೊಂಡದ್ದು ಹೀಗಿತ್ತು: ‘ಮುಂದಿನ ಎರಡು ಸ್ಪ್ರಿಂಟ್ ಬೆಳಗ್ಗೆ ಹನ್ನೊಂದರಿಂದ ಮಧ್ಯಾಹ್ನ ಎರಡರೊಳಗೆ ಮಾತ್ರ ಬಿಡುಗಡೆ. ಆ ದಿನ ತಪ್ಪಿದರೆ ಮರುದಿನ.’ ಬೆಳಗಿನ ಹಾಲು ಮುಗಿದಿರುತ್ತದೆ, ಸಂಜೆಯದಕ್ಕೆ ಹೊತ್ತಿರುತ್ತದೆ. ಹೊಣೆ ಒಬ್ಬರದು. ಬಿಲ್ಡ್ ಸರಿಪಡಿಸುವುದು ದೊಡ್ಡ ಕೆಲಸವಾದ್ದರಿಂದ ಅದನ್ನು ರೆಟ್ರೋದಲ್ಲಿ ‘ನೋಡೋಣ’ ಎಂದು ಬಿಡಲಿಲ್ಲ. ಒಬ್ಬ ಡೆವಲಪರ್‌ನ ಎರಡು ದಿನವನ್ನು ಮುಂದಿನ ಸ್ಪ್ರಿಂಟ್‌ನ ಕೆಲಸದ ಪಟ್ಟಿಗೇ ಸೇರಿಸಿದೆವು. ಪ್ರಾಡಕ್ಟ್ ಓನರ್ ಕೋಣೆಯಲ್ಲಿದ್ದು ಆ ಸಾಲಿನ ಮಾತನ್ನು ಕಿವಿಯಾರೆ ಕೇಳಿದ್ದರಿಂದ ಒಪ್ಪಿಸುವ ಶ್ರಮವೇ ಬೀಳಲಿಲ್ಲ.

‘ಸಂವಹನ ಉತ್ತಮಪಡಿಸಬೇಕು’, ‘ಕೋಡ್ ರಿವ್ಯೂ (ಒಬ್ಬರ ಕೋಡನ್ನು ಇನ್ನೊಬ್ಬರು ಓದಿ ನೋಡುವುದು) ಬೇಗ ಆಗಬೇಕು’ ಇಂಥವು ತೀರ್ಮಾನಗಳಲ್ಲ, ಹಾರೈಕೆಗಳು. ‘ಮಧ್ಯಾಹ್ನ ಊಟವಾದ ಮೇಲೆ ಮೊದಲ ಅರ್ಧ ಗಂಟೆ ಎಲ್ಲರೂ ರಿವ್ಯೂ ಮಾಡುತ್ತೇವೆ, ಮುಂದಿನ ರೆಟ್ರೋ ತನಕ’ ಎಂದರೆ ತೀರ್ಮಾನ. ನಡೆಯಿತೋ ಇಲ್ಲವೋ ಎಂದು ಎರಡು ವಾರದ ಮೇಲೆ ಕಣ್ಣಿಗೆ ಕಾಣಬೇಕು. ತಂಡದ ಕೈಯಲ್ಲಿ ಇಲ್ಲದ್ದನ್ನು, ಬೇರೆ ವಿಭಾಗವೋ ಮೇಲಿನವರೋ ಮಾಡಬೇಕಾದ್ದನ್ನು, ತೀರ್ಮಾನ ಮಾಡಿಕೊಳ್ಳಬೇಡಿ. ಅದಕ್ಕೆ ‘ಯಾರು, ಯಾರನ್ನು, ಯಾವಾಗ ಕೇಳುತ್ತೇವೆ’ ಎಂಬಷ್ಟೇ ನಿಮ್ಮ ಪಾಲು.

ಮುಗಿಸುವ ಮೊದಲು ಒಬ್ಬೊಬ್ಬರೂ ಈ ಎರಡು ವಾರದಲ್ಲಿ ತಮಗೆ ನೆರವಾದ ಒಬ್ಬರ ಹೆಸರು ಹೇಳಿ, ಮಾಡಿದ ಉಪಕಾರವನ್ನು ಒಂದು ವಾಕ್ಯದಲ್ಲಿ ಹೇಳಲಿ. ಕೊನೆಗೆ ಕೈಬೆರಳು: ಈ ಸಭೆಗೆ ಕೊಟ್ಟ ಹೊತ್ತು ಸಾರ್ಥಕವಾಯಿತು ಎನಿಸಿದರೆ ಐದು, ದಂಡವಾಯಿತು ಎನಿಸಿದರೆ ಒಂದು. ಒಂದು, ಎರಡು ತೋರಿಸಿದವರನ್ನು ಅಲ್ಲೇ ಪ್ರಶ್ನಿಸಬೇಡಿ. ಕ್ಯಾಂಟೀನಿನಲ್ಲಿ ಸಿಕ್ಕಾಗ ಮೆಲ್ಲನೆ ವಿಚಾರಿಸಿ.

ಚಿತ್ರ ಬದಲಿಸುವುದು

ಚೆನ್ನಾಗಿ ಹೋದದ್ದು, ಹೋಗದಿದ್ದದ್ದು, ಮಾಡಬೇಕಾದದ್ದು ಎಂಬ ಮೂರು ಕಂಬಸಾಲಿನ ಬೋರ್ಡ್ ಸಾಕಷ್ಟು ದಿನ ನಡೆಯುತ್ತದೆ. ಜನ ಯೋಚಿಸದೆ ಕೈ ಆಡಿಸುತ್ತಿದ್ದಾರೆ ಎನಿಸಿದಾಗ ಚಿತ್ರ ಬದಲಿಸಿ. ಇಂಗ್ಲಿಷ್ ಕೈಪಿಡಿಗಳಲ್ಲಿ ಹಾಯಿದೋಣಿ ಬರುತ್ತದೆ. ಗಾಳಿ ಮುಂದಕ್ಕೆ ತಳ್ಳುತ್ತದೆ, ಲಂಗರು ಹಿಡಿದೆಳೆಯುತ್ತದೆ. ನಮ್ಮವರು ಲಂಗರು ಕಂಡವರಲ್ಲ. ಶ್ರೀರಂಗಪಟ್ಟಣದ ಸಂಗಮದಲ್ಲಿ ಹರಿಗೋಲು ಏರಿದವರು. ಹರಿಗೋಲಿಗೆ ಮುಂದು ಹಿಂದು ಇಲ್ಲ. ಹುಟ್ಟು ಹಾಕುವವರು ಹೊಂದಿಕೊಳ್ಳದಿದ್ದರೆ ನಿಂತಲ್ಲೇ ಗಿರಗಿರನೆ ತಿರುಗುತ್ತದೆ. ‘ಈ ಸ್ಪ್ರಿಂಟ್‌ನಲ್ಲಿ ನಾವು ಎಲ್ಲಿ ತಿರುಗಿದಲ್ಲೇ ತಿರುಗಿದೆವು?’ ಎಂದು ಕೇಳಿದಾಗ, ಒಂದೇ ಪರದೆಯ ವಿನ್ಯಾಸವನ್ನು ನಾಲ್ಕು ಸಲ ಬದಲಿಸಿದ ಕಥೆ ಹೊರಬಂತು.

ದೊಡ್ಡ ಬಿಡುಗಡೆಯ ನಂತರ, ಮೂರು ನಾಲ್ಕು ತಿಂಗಳನ್ನು ಒಟ್ಟಿಗೆ ಹಿಂತಿರುಗಿ ನೋಡುವಾಗ ಚಾಮುಂಡಿ ಬೆಟ್ಟದ ಮೆಟ್ಟಿಲು ಬರೆಯಿರಿ. ಗೋಡೆಯ ಉದ್ದಕ್ಕೂ ಒಂದು ಏರುಗೆರೆ, ಅದರ ಮೇಲೆ ವಾರಗಳು, ನಡುವೆ ನಂದಿ. ಎಲ್ಲಿ ಏದುಸಿರು ಬಂತು, ಎಲ್ಲಿ ಕೂತುಬಿಡೋಣ ಎನಿಸಿತು, ಯಾರು ನೀರು ಕೊಟ್ಟರು, ಎಲ್ಲಿ ತಿರುಗಿ ಊರನ್ನು ನೋಡಿ ಖುಷಿಪಟ್ಟೆವು ಎಂದು ಆಯಾ ಜಾಗದಲ್ಲಿ ಚೀಟಿ ಅಂಟಿಸುತ್ತಾರೆ. ಬೆಟ್ಟ ಹತ್ತಿದವರಿಗೆ ವಿವರಣೆಯೇ ಬೇಡ. ನಮ್ಮ ತಂಡದಲ್ಲಿ ಹೀಗೆ ಮಾಡಿದಾಗ ದಸರಾ ರಜೆಯ ಹಿಂದಿನ ವಾರದಲ್ಲೇ ಏದುಸಿರಿನ ಚೀಟಿಗಳೆಲ್ಲ ಗುಂಪಾಗಿ ಬಿದ್ದಿದ್ದವು. ಮರುವರ್ಷ ಆ ವಾರಕ್ಕೆ ಬಿಡುಗಡೆ ಇಟ್ಟುಕೊಳ್ಳಲಿಲ್ಲ.

ಒಬ್ಬಿಬ್ಬರು ಮನೆಯಿಂದ ಸೇರುವುದಿದ್ದರೆ ಗೋಡೆಯನ್ನು ಬಿಟ್ಟು ಎಲ್ಲರೂ ಆನ್‌ಲೈನ್ ಬೋರ್ಡಿನಲ್ಲೇ ಬರೆಯಿರಿ. ಕೋಣೆಯಲ್ಲಿರುವವರು ಚೀಟಿ ಅಂಟಿಸುತ್ತಾ, ಪರದೆಯಲ್ಲಿರುವವರು ನೋಡುತ್ತಾ ಕೂರುವುದು ಅವರಿಗೆ ಮಾಡುವ ಅನ್ಯಾಯ. ಮಾತಿನ ಸರದಿಯನ್ನೂ ಅವರಿಂದಲೇ ಶುರುಮಾಡಿ.

ನಡೆಸುವವರು ಬದಲಾಗಲಿ

ಒಬ್ಬರೇ ಪ್ರತಿ ಸಲ ನಡೆಸಿದರೆ ಅದು ಅವರ ಸಭೆಯಾಗುತ್ತದೆ. ನಮ್ಮಲ್ಲಿ ಸರದಿ ಇದೆ. ನಡೆಸುವವರು ಅಂದು ಅಭಿಪ್ರಾಯ ಹೇಳುವುದಿಲ್ಲ. ಚೀಟಿ ಬರೆಯಬಹುದು, ಹೊತ್ತು ನೋಡಬೇಕು, ಮಾತನಾಡದವರ ಕಡೆ ತಿರುಗಬೇಕು. ಮೊದಲ ಸಲ ನಡೆಸುವವರಿಗೆ ಒಂದು ಭಯ ಇದ್ದೇ ಇರುತ್ತದೆ: ಪ್ರಶ್ನೆ ಕೇಳಿದ ಮೇಲೆ ಯಾರೂ ಉತ್ತರಿಸದಿದ್ದರೆ? ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಿ ಎಂದು ಹೇಳುತ್ತೇನೆ. ಹನ್ನೆರಡು, ಹದಿಮೂರರ ಹೊತ್ತಿಗೆ ಯಾರಾದರೂ ಗಂಟಲು ಸರಿಮಾಡಿಕೊಳ್ಳುತ್ತಾರೆ.

ತೀರ್ಮಾನಗಳಿಗೆಂದು ನಾವು ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಎಡಪುಟದಲ್ಲಿ ದಿನಾಂಕ, ತೀರ್ಮಾನ, ಹೆಸರು. ಬಲಪುಟ ಖಾಲಿ, ಆಯಿತೋ ಇಲ್ಲವೋ ಎಂದು ಮುಂದಿನ ಸಲ ಬರೆಯುವುದಕ್ಕೆ. ಸರದಿ ಬಂದವರಿಗೆ ಆ ನೋಟ್‌ಬುಕ್, ಸ್ಕೆಚ್ ಪೆನ್ನುಗಳು, ಒಂದು ಕಟ್ಟು ಹಳದಿ ಚೀಟಿ ಬುಧವಾರ ಸಂಜೆಯೇ ಕೊಟ್ಟುಬಿಡಿ. ರೈಲಿನಲ್ಲಿ ಕುಳಿತು ಹಿಂದಿನ ಪುಟ ತಿರುವಿಹಾಕುವಷ್ಟು ಹೊತ್ತು ಅವರಿಗೆ ಸಿಗುತ್ತದೆ.